ಗಂಟೆ ಮತ್ತು ವ್ರತ: ಷೇರುಪೇಟೆಯ ಕಾಯಿದೆಯನ್ನು ಕುರಿತು ಒಂದು ಧರ್ಮಚಿಂತನೆ

ಮುಂಬಯಿ ವಿಶ್ವವಿದ್ಯಾಲಯದ ಹಳೆಯ ಆವರಣದಲ್ಲಿ ರಾಜಾಬಾಯಿ ಗೋಪುರವೆಂಬ ಗಡಿಯಾರದ ಗೋಪುರವೊಂದಿದೆ. 1869ರಲ್ಲಿ ಆರಂಭವಾದ ಅದರ ನಿರ್ಮಾಣ 1878ರಲ್ಲಿ ಮುಗಿಯಿತು. ಅದಕ್ಕೆ ದ್ರವ್ಯವನ್ನು ದಾನವಿತ್ತವರು ಹತ್ತಿ ಮತ್ತು ಷೇರುಗಳ ವ್ಯಾಪಾರಿಗಳಾಗಿದ್ದ ಜೈನ ಶ್ರೀಮಂತ ಪ್ರೇಮಚಂದ ರಾಯಚಂದರು. ಗೋಪುರಕ್ಕೆ ತಮ್ಮ ತಾಯಿಯ ಹೆಸರನ್ನಿಡಬೇಕೆಂಬುದೊಂದೇ ಅವರ ಅಪೇಕ್ಷೆಯಾಗಿತ್ತು. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ರಾತ್ರಿಭೋಜನ ತ್ಯಾಗವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದ ಆಕೆಗೆ ಸೂರ್ಯಾಸ್ತದ ವೇಳೆಯನ್ನು ಇತರರ ಹಂಗಿಲ್ಲದೆ ತಿಳಿಯಲು ಆ ಗಂಟೆಯ ನಾದವೇ ಆಧಾರವಾಗಿತ್ತೆಂಬ ಪ್ರತೀತಿ ಜನರಲ್ಲಿ ಉಳಿದುಬಂದಿದೆ.

ಪ್ರತೀತಿ ಹೇಗೇ ಇರಲಿ, ಅದರಲ್ಲಿ ಒಂದು ವಿವೇಕವಡಗಿದೆ. ಗಂಟೆಯು ಹೊತ್ತನ್ನು ತಿಳಿಸುತ್ತದೆ. ಊಟದ ತಟ್ಟೆಯನ್ನು ಸರಿಸುವುದಿಲ್ಲ. ತಟ್ಟೆಯನ್ನು ಸರಿಸುವುದು ತಾಯಿಯ ಕೈ, ಆ ಕೈಯ ಹಿಂದಿರುವ ಸಂಕಲ್ಪ. ಹಾಗೆಂದು ಗಂಟೆ ನಿರರ್ಥಕವಲ್ಲ. ಕಣ್ಣು ಕಾಣದವರಿಗೆ ಗಂಟೆಯಿಲ್ಲದಿದ್ದರೆ ಸಂಕಲ್ಪವಿದ್ದೂ ಹೊತ್ತು ತಪ್ಪೀತು.

ದೇಶದ ಕಾಯಿದೆಗೂ ಶ್ರಾವಕನ ವ್ರತಕ್ಕೂ ಇರುವ ಸಂಬಂಧ ಇದೇ ಬಗೆಯದೇ? ಇಂದು ಅನೇಕ ಶ್ರಾವಕರ ಮನೆಗಳಲ್ಲಿ ಉಳಿತಾಯದ ಹಣವು ಷೇರುಪೇಟೆಗೆ ಹೋಗುತ್ತಿದೆ. ಆ ಪೇಟೆಯನ್ನು ಆಳುವ ಕಾಯಿದೆಗಳು ವಿಸ್ತಾರವಾಗಿವೆ. ಅವನ್ನು ತಪ್ಪದೆ ಪಾಲಿಸಿದವನು ಅಚೌರ್ಯಾಣುವ್ರತವನ್ನೂ ಪಾಲಿಸಿದಂತಾಯಿತೇ? ಅಥವಾ ವ್ರತವಿದ್ದವನಿಗೆ ಕಾಯಿದೆಯೇ ಬೇಡವೇ? ಈ ಎರಡು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸುವುದು ಉಚಿತ.

ಪೇಟೆಯೂ ಅದರ ಕಟ್ಟಳೆಯೂ

1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು. ಭಾರತದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಮುಂಬಯಿಗೆ ಹರಿದುಬಂದ ಆ ಹಣವು ಹೊಸ ಹೊಸ ಕಂಪನಿಗಳ ಷೇರುಗಳ ಮೇಲೆ ಬಿದ್ದಿತು. ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದು ಹೊರಟ ಬ್ಯಾಕ್ ಬೇ ಕಂಪನಿಯ ಷೇರು ಮೂಲಬೆಲೆಯ ಹಲವು ಪಟ್ಟು ಏರಿತು. ಮುಂದಿನ ತಾರೀಖಿಗೆ ಹಣ ಕೊಡುವೆವೆಂಬ ವಾಯಿದೆಯ ಮಾತಿನ ಮೇಲೆ, ಕೈಯಲ್ಲಿ ಕಾಸಿಲ್ಲದವರೂ ಕೊಂಡರು. 1865ರಲ್ಲಿ ಯುದ್ಧ ಮುಗಿಯಿತು; ಹತ್ತಿಯ ಬೆಲೆ ಕುಸಿಯಿತು; ವಾಯಿದೆಯ ದಿನ ಬಂದಾಗ ಕೊಡುವವರಿರಲಿಲ್ಲ. ವ್ಯಾಪಾರಿಗಳು ದಿವಾಳಿಯೆದ್ದರು. ಷೇರುಗಳ ಮೇಲೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಪ್ರೇಮಚಂದ ರಾಯಚಂದರ ಸಂಪತ್ತಿನ ಬಹುಭಾಗವೂ ಕರಗಿಹೋಯಿತು. ತಾಯಿಯ ಹೆಸರಿನ ಗೋಪುರ ಮಾತ್ರ ನಿಂತಿತು.

ಆಗ ಷೇರುಪೇಟೆಗೆಂದು ಸರಕಾರದ ಪ್ರತ್ಯೇಕ ಕಾಯಿದೆ ಇರಲಿಲ್ಲ. ಆಲದ ಮರದ ಕೆಳಗೆ ಸೇರುತ್ತಿದ್ದ ದಲ್ಲಾಳಿಗಳು 1875ರಲ್ಲಿ ಒಂದು ರೂಪಾಯಿಯ ಪ್ರವೇಶ ಶುಲ್ಕವಿಟ್ಟು, 318 ಮಂದಿ ಸೇರಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅದೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರದ ಮೂಲ. 1925ರಲ್ಲಿ ಮುಂಬಯಿ ಪ್ರಾಂತದ ಕಾಯಿದೆಯೂ, 1956ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಪ್ರತಿಭೂತಿ ಕರಾರುಗಳ ನಿಯಂತ್ರಣ ಕಾಯಿದೆಯೂ ಬಂದವು. 1947ರ ಕಾಯಿದೆಯೊಂದರ ಮೇರೆಗೆ ಕಂಪನಿಯು ಎಷ್ಟು ಬಂಡವಾಳವನ್ನು ಯಾವ ಬೆಲೆಗೆ ಎತ್ತಬಹುದೆಂಬುದನ್ನು ದೆಹಲಿಯ ಅಧಿಕಾರಿಯೇ ನಿರ್ಧರಿಸುತ್ತಿದ್ದನು.

1988ರ ಏಪ್ರಿಲ್ 12ರಂದು ಸೆಬಿ, ಎಂದರೆ ಭಾರತೀಯ ಪ್ರತಿಭೂತಿ ಮತ್ತು ವಿನಿಮಯ ಮಂಡಳಿ, ಸ್ಥಾಪಿತವಾಯಿತು. 1992ರಲ್ಲಿ ಅದಕ್ಕೆ ಶಾಸನದ ಅಧಿಕಾರ ದೊರೆಯಿತು. ಹೂಡಿಕೆದಾರರ ಹಿತವನ್ನು ಕಾಯುವುದು, ಪೇಟೆಯನ್ನು ಬೆಳೆಸುವುದು, ಅದನ್ನು ಕಟ್ಟಳೆಯಲ್ಲಿಡುವುದು ಎಂಬ ಮೂರು ಕರ್ತವ್ಯಗಳನ್ನು ಶಾಸನವು ಅದಕ್ಕೆ ವಹಿಸಿತು. ಅದೇ ವರ್ಷ ಬಂಡವಾಳದ ಬೆಲೆಯನ್ನು ನಿರ್ಧರಿಸುವ ಹಳೆಯ ಪದ್ಧತಿ ರದ್ದಾಯಿತು. ಈ ಬದಲಾವಣೆಯ ಅರ್ಥವನ್ನು ಗಮನಿಸಬೇಕು. ಅಲ್ಲಿಯವರೆಗೆ, ‘ಇಷ್ಟು ಬೆಲೆಗೆ ಮಾರು’ ಎಂದು ಸರಕಾರ ಹೇಳುತ್ತಿತ್ತು. ಅನಂತರ, ‘ಬೆಲೆ ನಿನ್ನ ಇಚ್ಛೆ, ಆದರೆ ಇರುವುದನ್ನೆಲ್ಲ ಮುಚ್ಚಿಡದೆ ಹೇಳು’ ಎಂದಿತು. ಒಳ್ಳೆಯದು ಕೆಟ್ಟದ್ದರ ತೀರ್ಮಾನ ಸರಕಾರದ ಕೈಯಿಂದ ಕೊಳ್ಳುವವನ ಕೈಗೆ ಬಂದಿತು. ಸತ್ಯವನ್ನು ಪ್ರಕಟಿಸುವ ಹೊಣೆ ಮಾರುವವನ ಮೇಲೆ ಬಿದ್ದಿತು.

1992ರ ಏಪ್ರಿಲ್ ತಿಂಗಳಲ್ಲಿಯೇ ದಲ್ಲಾಳಿ ಹರ್ಷದ್ ಮೆಹತಾರ ಪ್ರಕರಣ ಬಯಲಾಯಿತು. ಬ್ಯಾಂಕುಗಳು ಸರಕಾರೀ ಸಾಲಪತ್ರಗಳನ್ನು ತಮ್ಮೊಳಗೆ ಮಾರುವಾಗ, ಪತ್ರದ ಬದಲು ‘ಬ್ಯಾಂಕ್ ರಸೀತಿ’ ಎಂಬ ಚೀಟಿಯನ್ನು ಕೊಡುತ್ತಿದ್ದವು. ಪತ್ರವೇ ಇಲ್ಲದ ರಸೀತಿಗಳು ಹೊರಟವು. ಬ್ಯಾಂಕಿನ ಹಣವು ದಲ್ಲಾಳಿಯ ಖಾತೆಯ ಮೂಲಕ ಷೇರುಪೇಟೆಗೆ ಇಳಿಯಿತು. ರಿಸರ್ವ್ ಬ್ಯಾಂಕು ನೇಮಿಸಿದ ಜಾನಕಿರಾಮನ್ ಸಮಿತಿಯು ಕಂಡ ಮೊತ್ತ 4,000 ಕೋಟಿ ರೂಪಾಯಿಗಳಿಗೂ ಮಿಗಿಲು. ಅನಂತರದ ವರ್ಷಗಳಲ್ಲಿ ಒಂದೊಂದು ಬಿರುಕನ್ನೂ ಮುಚ್ಚುವ ಪ್ರಯತ್ನ ನಡೆಯಿತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಪರದೆಯ ಮೇಲಿನ ವ್ಯಾಪಾರ ಆರಂಭವಾಯಿತು. 1996ರ ಡಿಪಾಸಿಟರಿ ಕಾಯಿದೆಯಿಂದ ಕಾಗದದ ಷೇರುಪತ್ರ ಹೋಗಿ ಡಿಮ್ಯಾಟ್ ಖಾತೆ ಬಂದಿತು. ಖೋಟಾ ಪತ್ರದ ಭಯ ತಗ್ಗಿತು. 2001ರ ಕುಸಿತದ ಬಳಿಕ ಬದ್ಲಾ ಎಂಬ ಹಳೆಯ ವಾಯಿದೆ ಪದ್ಧತಿ ನಿಂತಿತು. 2023ರ ಜನವರಿಯಿಂದ ಷೇರುಗಳ ಕೊಡುಕೊಳ್ಳುವಿಕೆ ವ್ಯಾಪಾರದ ಮರುದಿನವೇ ತೀರುವ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದಿತು.

ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಷೇರು ವಿನಿಮಯ ಕೇಂದ್ರವು 2014ರಲ್ಲಿ ಮಾನ್ಯತೆಯನ್ನು ತೊರೆದು ಹೊರಬಂದಿತು. ಊರೂರಿನ ಪೇಟೆಗಳು ಹೀಗೆ ಮುಚ್ಚಿದವು. ಆದರೆ ಪೇಟೆ ದೂರವಾಗಲಿಲ್ಲ. ಅದು ಕೈಯಲ್ಲಿರುವ ಫೋನಿನೊಳಗೆ ಬಂದು, ಅಡುಗೆಮನೆಯವರೆಗೂ ನಡೆಯಿತು. ಆದುದರಿಂದ ಇದು ಈಗ ಮುಂಬಯಿಯ ದಲ್ಲಾಳಿಗಳ ಪ್ರಶ್ನೆಯಾಗಿ ಉಳಿದಿಲ್ಲ, ಮನೆಮನೆಯ ಪ್ರಶ್ನೆಯಾಗಿದೆ.

ಶಾಸ್ತ್ರವು ಪೇಟೆಯನ್ನು ಕಂಡ ಬಗೆ

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ. ಕಳ್ಳತನಕ್ಕೆ ಇನ್ನೊಬ್ಬನನ್ನು ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ನಕಲಿಯನ್ನು ಅಸಲಿನೊಡನೆ ಬೆರೆಸುವುದು. ಮೂರನೆಯದನ್ನು ಉಮಾಸ್ವಾಮಿಗಳು ವಿರುದ್ಧರಾಜ್ಯಾತಿಕ್ರಮವೆಂದೂ, ಸಮಂತಭದ್ರಾಚಾರ್ಯರು ವಿಲೋಪವೆಂದೂ ಕರೆದಿದ್ದಾರೆ.

ಈ ಐದರಲ್ಲಿ ಪೇಟೆಯ ಅಪರಾಧಗಳೆಲ್ಲವೂ ಅಡಗಿವೆ ಎಂದರೆ ಅತಿಶಯೋಕ್ತಿಯಾಗದು. ಪತ್ರವಿಲ್ಲದ ರಸೀತಿಯು ನಕಲಿ ವ್ಯವಹಾರವಲ್ಲದೆ ಮತ್ತೇನು? 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡರು. ಅದು ಹೀನಾಧಿಕಮಾನ: ತಕ್ಕಡಿಯ ಬದಲು ಲೆಕ್ಕದ ಪುಸ್ತಕ, ಬಟ್ಟಿನ ಬದಲು ಅಂಕಿ. ಉಪಕರಣ ಬದಲಾಯಿತು, ದೋಷ ಹಳೆಯದೇ ಉಳಿಯಿತು.

ರಾಜ್ಯನಿಯಮದ ಉಲ್ಲಂಘನೆಯನ್ನೇ ಆಚಾರ್ಯರು ವ್ರತದ ಅತಿಚಾರವೆಂದು ಎಣಿಸಿರುವುದರಿಂದ ಒಂದು ಮಾತು ನಿಶ್ಚಿತವಾಯಿತು. ‘ನಾನು ವ್ರತಿ, ನನಗೆ ಸೆಬಿಯ ನಿಯಮ ಬೇಡ’ ಎನ್ನಲು ಶ್ರಾವಕನಿಗೆ ಅವಕಾಶವಿಲ್ಲ. ಕಾರಣವೂ ಸ್ಪಷ್ಟ. ಹಿಂದಿನ ಸಂತೆಯಲ್ಲಿ ಮಾರುವವನ ಮುಖವನ್ನು ಕೊಳ್ಳುವವನು ನೋಡುತ್ತಿದ್ದನು. ಪರದೆಯ ಪೇಟೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದು. ಒಬ್ಬನ ವ್ರತ ಮತ್ತೊಬ್ಬನಿಗೆ ತಿಳಿಯದು. ಅಪರಿಚಿತರು ಪರಸ್ಪರ ನಂಬಬೇಕಾದಲ್ಲಿ ಎಲ್ಲರಿಗೂ ಕೇಳಿಸುವ ಗಂಟೆಯೊಂದು ಬೇಕೇ ಬೇಕು. ವ್ರತಿಯು ಆ ಗಂಟೆಗೆ ಓಗೊಡುವುದರಿಂದ ಅವನ ವ್ರತಕ್ಕೇನೂ ಕುಂದಿಲ್ಲ.

ಎರಡನೆಯ ಪ್ರಶ್ನೆಗೆ ಇಷ್ಟರಿಂದ ಉತ್ತರ ದೊರೆಯಿತು. ಮೊದಲನೆಯ ಪ್ರಶ್ನೆ ಇದಕ್ಕಿಂತ ಕಠಿನವಾದುದು.

ಒಂದು ಮನೆಯ ಉದಾಹರಣೆ

ಒಂದು ಶ್ರಾವಕ ಕುಟುಂಬವನ್ನು ಊಹಿಸಿಕೊಳ್ಳಬಹುದು. ತಾಯಿ ಅನಂತ ನೋಂಪಿಯನ್ನು ಹಿಡಿದು ಹದಿನಾಲ್ಕನೆಯ ವರ್ಷ, ಭಾದ್ರಪದದಲ್ಲಿ ಉದ್ಯಾಪನೆಯಾಗಬೇಕು. ತಂದೆ ನಿವೃತ್ತರು. ಮಗ ಒಂದು ಕಂಪನಿಯ ಲೆಕ್ಕದ ವಿಭಾಗದಲ್ಲಿದ್ದಾನೆ. ಆ ಕಂಪನಿಯ ಇನ್ನೂರು ಷೇರುಗಳು ತಂದೆಯ ಹೆಸರಿನಲ್ಲಿವೆ. ಒಂದು ಸಂಜೆ ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಕುಳಿತಾಗ ಮಗ ತಗ್ಗಿದ ದನಿಯಲ್ಲಿ ಹೇಳುತ್ತಾನೆ: “ಅಪ್ಪಾಜಿ, ಈ ಸಲದ ಲೆಕ್ಕ ಚೆನ್ನಾಗಿಲ್ಲ. ಮುಂದಿನ ವಾರ ಪ್ರಕಟವಾಗುತ್ತದೆ. ಅಷ್ಟರೊಳಗೆ ಮಾರಿಬಿಡಿ.” ತಂದೆ ಮರುದಿನ ಮಾರುತ್ತಾರೆ. ಮುಂದಿನ ವಾರ ಬೆಲೆ ಬೀಳುತ್ತದೆ. ಕೈಗೆ ಬಂದ ಹಣ ಉದ್ಯಾಪನೆಯ ಕಲಶ, ವಸ್ತ್ರ, ಶಾಸ್ತ್ರದಾನಗಳಿಗೆ ಮೀಸಲಾಗುತ್ತದೆ.

ಇಲ್ಲಿ ಬೀಗ ಒಡೆದವರಿಲ್ಲ. ಸುಳ್ಳು ಹೇಳಿದವರೂ ಇಲ್ಲ. ಆದರೂ ಸೆಬಿಯ 2015ರ ನಿಯಮಾವಳಿಯ ಪ್ರಕಾರ ಇದು ಅಪರಾಧ. ಬೆಲೆಯ ಮೇಲೆ ಪರಿಣಾಮ ಮಾಡಬಲ್ಲ, ಇನ್ನೂ ಪ್ರಕಟವಾಗದ ಸಂಗತಿಯನ್ನು ತಿಳಿದವನು ಯಾರೇ ಆಗಲಿ ‘ಒಳಗಿನವ’ನೆನಿಸುತ್ತಾನೆ. ಅಂಥವನು ವ್ಯಾಪಾರ ಮಾಡುವುದೂ ತಪ್ಪು. ಕರ್ತವ್ಯದ ಕಾರಣವಿಲ್ಲದೆ ಆ ಸಂಗತಿಯನ್ನು ಮತ್ತೊಬ್ಬನಿಗೆ ತಿಳಿಸುವುದೂ ತಪ್ಪು. ಮೂರು ತಿಂಗಳ ಅವಧಿ ಮುಗಿದಂದಿನಿಂದ ಲೆಕ್ಕ ಪ್ರಕಟವಾಗಿ 48 ಗಂಟೆಗಳು ಕಳೆಯುವವರೆಗೆ, ಕಂಪನಿಯ ಗೊತ್ತಾದ ನೌಕರರು ಅದರ ಷೇರನ್ನು ಮುಟ್ಟಬಾರದೆಂಬ ಕಟ್ಟು ಈ ಕಾರಣದಿಂದಲೇ ಬಂದಿದೆ.

ಸಮಂತಭದ್ರಾಚಾರ್ಯರು ಅಚೌರ್ಯವನ್ನು ವಿವರಿಸುವಾಗ, ಪರರದಾದ ವಸ್ತುವು ಇಟ್ಟದ್ದಾಗಲಿ, ಬಿದ್ದದ್ದಾಗಲಿ, ಮರೆತದ್ದಾಗಲಿ, ಅವರು ಕೊಡದೆ ಅದನ್ನು ತಾನೂ ತೆಗೆದುಕೊಳ್ಳಬಾರದು, ಬೇರೊಬ್ಬರಿಗೆ ಕೊಡಲೂ ಬಾರದು ಎಂಬ ಆಶಯವನ್ನು ವ್ಯಕ್ತಪಡಿಸಿದ್ದಾರೆ. ಮಗನಿಗೆ ಆ ಲೆಕ್ಕ ಬಂದದ್ದು ಕೆಲಸಕ್ಕಾಗಿ. ಅದು ಅವನಲ್ಲಿ ‘ಇಟ್ಟ’ ವಸ್ತು, ನ್ಯಾಸ. ಅದನ್ನು ಅವನು ತಂದೆಗೆ ಕೊಟ್ಟನು. ತಂದೆ ಅದನ್ನು ಬಳಸಿಕೊಂಡರು. ಕೊಟ್ಟವನೂ ಕೊಂಡವನೂ ಇಬ್ಬರೂ ದೋಷಿಗಳೆಂಬಲ್ಲಿ ಶಾಸ್ತ್ರವೂ ಶಾಸನವೂ ಒಂದೇ ಮಾತನ್ನಾಡುತ್ತಿವೆ.

ನಷ್ಟ ಯಾರಿಗಾಯಿತೆಂದು ಕೇಳಬಹುದು. ಆ ಇನ್ನೂರು ಷೇರುಗಳನ್ನು ಅಂದು ಯಾರೋ ಕೊಂಡರಲ್ಲವೇ? ಯಾವುದೋ ಊರಿನ ಶಾಲಾ ಉಪಾಧ್ಯಾಯರು ಮಗಳ ಮದುವೆಗೆಂದು ಕೂಡಿಟ್ಟ ಹಣದಿಂದ ಕೊಂಡಿರಬಹುದು. ತಂದೆ ತಪ್ಪಿಸಿಕೊಂಡ ನಷ್ಟವು ಆವಿಯಾಗಲಿಲ್ಲ. ಅದು ಆ ಕಾಣದ ಮನುಷ್ಯನ ಮಡಿಲಿಗೆ ಬಿದ್ದಿತು. ಪರದೆಯ ಹಿಂದೆ ಅವನ ಮುಖ ಕಾಣಲಿಲ್ಲವಾದುದರಿಂದ ಮನಸ್ಸಿಗೆ ಚುಚ್ಚಲಿಲ್ಲ, ಅಷ್ಟೆ.

‘ನಾವು ಮಾರದಿದ್ದರೆ ಇನ್ನೊಬ್ಬನು ಮಾರುತ್ತಿದ್ದನು, ಆ ಉಪಾಧ್ಯಾಯರಿಗೆ ನಷ್ಟ ಹೇಗೂ ತಪ್ಪುತ್ತಿರಲಿಲ್ಲ’ ಎಂಬ ಸಮಾಧಾನವನ್ನು ಕೆಲವರು ಹೇಳಿಯಾರು. ಇರಬಹುದು. ಆದರೆ ಕರ್ಮವು ನಷ್ಟದ ಲೆಕ್ಕವನ್ನಿಡುವುದಿಲ್ಲ, ಭಾವದ ಲೆಕ್ಕವನ್ನಿಡುತ್ತದೆ. ಅರಿಯದೆ ಮಾರಿದವನಿಂದ ಕೊಂಡು ನಷ್ಟವಾದರೆ ಅದು ಪೇಟೆಯ ಏರಿಳಿತ. ಅರಿತು ಮಾರಿದವನು ಆ ನಷ್ಟವನ್ನು ತನ್ನ ಕೈಯಾರೆ ಇನ್ನೊಬ್ಬನಿಗೆ ದಾಟಿಸಿದಂತೆ. ಹೊರಗೆ ಎರಡೂ ಒಂದೇ ರೀತಿ ಕಾಣುತ್ತವೆ, ಒಳಗೆ ಒಂದಲ್ಲ.

ಕಾಯಿದೆ ತಲುಪದ ತಾಣ

ಶಾಸನ ಮತ್ತು ವ್ರತಗಳು ಬೇರೆಯಾಗುವ ತಾಣಕ್ಕೆ ಈಗ ಬರಬಹುದು. ಕರ್ಮದ ಆಸ್ರವವನ್ನು ಮನ, ವಚನ, ಕಾಯ ಎಂಬ ಮೂರು ಯೋಗಗಳಿಂದಲೂ, ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಗಳಿಂದಲೂ ಅಳೆಯುವುದು ನಮ್ಮ ಪರಂಪರೆ. ತಂದೆ ಮಾರಿದ್ದು ಕೃತ. ಅದು ಕಾಯಿದೆಗೆ ಸಿಕ್ಕುತ್ತದೆ. ಮಗ ಹೇಳಿ ಮಾರಿಸಿದ್ದು ಕಾರಿತ, ಅದೂ ಸಿಕ್ಕುತ್ತದೆ. ಇಬ್ಬರ ನಡುವೆ ಕುಳಿತು, ಕೇಳಿ, ‘ಹೇಗೋ ಉದ್ಯಾಪನೆಗೆ ಅನುಕೂಲವಾಯಿತು’ ಎಂದು ಒಳಗೊಳಗೇ ಸಂತೋಷಪಟ್ಟ ತಾಯಿಯ ಅನುಮೋದನೆಯನ್ನು ಯಾವ ಸೆಬಿ ಹಿಡಿದೀತು? ಹಿಡಿಯಲೂ ಬಾರದು. ಮನಸ್ಸಿನೊಳಗೆ ಇಣುಕುವ ರಾಜ್ಯವು ಪ್ರಜೆಗಳಿಗೆ ಹಿಂಸೆಯಾದೀತು. ಶಾಸನವು ಕಾಯ ವಚನಗಳ ಬಾಗಿಲಲ್ಲಿ ನಿಲ್ಲುವುದೇ ಅದರ ಮರ್ಯಾದೆ. ಆದರೆ ಶಾಸನ ನಿಂತ ಬಾಗಿಲಿನಿಂದಲೇ ವ್ರತದ ಮನೆ ಆರಂಭವಾಗುತ್ತದೆ.

ತಾಯಿಗೆ ಏನೂ ತಿಳಿಯದಿದ್ದರೆ ಆಕೆಯ ಹದಿನಾಲ್ಕು ವರ್ಷಗಳ ಉಪವಾಸಕ್ಕೆ ದೋಷ ತಟ್ಟದು. ತಪಸ್ಸಿನ ಫಲ ತನ್ನ ಭಾವದಿಂದಲೇ ಹೊರತು ಮಗನ ಕೃತ್ಯದಿಂದಲ್ಲ. ಆದರೆ ತಿಳಿದ ಮೇಲೆ? ಪಂಡಿತ ಆಶಾಧರರು ಗೃಹಸ್ಥನ ಲಕ್ಷಣಗಳನ್ನೆಣಿಸುವಾಗ ನ್ಯಾಯದಿಂದ ಗಳಿಸಿದ ಧನವುಳ್ಳವನೆಂಬುದನ್ನು ಮೊದಲಿಗೆ ಇಟ್ಟರು. ಪೂಜೆಯೂ ದಾನವೂ ಅದರ ಅನಂತರ ಬರುತ್ತವೆ. ನ್ಯಾಯವಲ್ಲದ ಧನದಿಂದ ಕಲಶವಿಟ್ಟರೆ ಬಸದಿಯ ಗಂಟೆಯೇನೋ ಬಾರಿಸುತ್ತದೆ. ಕೇಳುವವರ ಎದೆ ಮಾತ್ರ ಒಪ್ಪದು.

ಸಿಕ್ಕಿಬೀಳುವ ಭಯದಿಂದ ಮಾರದೆ ಉಳಿದವನ ವಿಷಯವೇನು? ಅನ್ನ ಸಿಗದೆ ಹಸಿದವನನ್ನು ಉಪವಾಸಿಯೆಂದು ಯಾರೂ ಕರೆಯುವುದಿಲ್ಲ. ಆಹಾರವು ಮುಂದಿರುವಾಗ, ಕೈ ಚಾಚಲು ಶಕ್ತಿಯಿರುವಾಗ, ಸಂಕಲ್ಪದಿಂದ ತ್ಯಜಿಸಿದರೆ ಅದು ಅನಶನ ತಪ. ಹಾಗೆಯೇ ದಂಡದ ಭಯದಿಂದ ದೂರ ನಿಂತವನು ಒಳ್ಳೆಯ ಪ್ರಜೆ. ಅವನಿಂದ ಪೇಟೆಗೆ ಹಾನಿಯಿಲ್ಲ, ಅಷ್ಟರಮಟ್ಟಿಗೆ ಅವನು ಶ್ಲಾಘ್ಯನೇ. ಆದರೆ ಅವನ ಒಳಗಿನ ಲೋಭ ತೆಗೆದಿಟ್ಟ ಬೆಂಕಿಯಂತೆ ಹಾಗೆಯೇ ಇದೆ; ಕಾವಲುಗಾರನು ತಿರುಗಿದ ಕ್ಷಣ ಅದು ಉರಿಯುತ್ತದೆ. ಇನ್ನೂರು ಷೇರುಗಳ ಸಣ್ಣ ವ್ಯವಹಾರವು ಕಾವಲಿನ ಕಣ್ಣಿಗೆ ಬೀಳದೆಯೂ ಹೋದೀತು. ವ್ರತಿಗೆ ಕಾವಲುಗಾರನು ಎಂದೂ ತಿರುಗುವುದಿಲ್ಲ, ಏಕೆಂದರೆ ಕಾಯುವವನು ತಾನೇ.

ತಪ್ಪಾದ ಮೇಲಿನ ನಡೆಯಲ್ಲಿಯೂ ಇದೇ ಭೇದವಿದೆ. ಸೆಬಿಯು ಅನ್ಯಾಯದ ಲಾಭವನ್ನು ಮರಳಿ ಕಕ್ಕಿಸಬಲ್ಲದು. ಹಾಗೆ ಬಂದ ಹಣವನ್ನು ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣದ ನಿಧಿಗೆ ಸೇರಿಸುವ ಏರ್ಪಾಡು 2009ರ ನಿಯಮಾವಳಿಯಿಂದ ಬಂದಿತು. ಅದಲ್ಲದೆ, ಆರೋಪವನ್ನು ಒಪ್ಪದೆಯೂ ಅಲ್ಲಗಳೆಯದೆಯೂ ಗೊತ್ತಾದ ಮೊತ್ತವನ್ನು ಕಟ್ಟಿ ಪ್ರಕರಣವನ್ನು ಇತ್ಯರ್ಥ ಮಾಡಿಕೊಳ್ಳುವ ಮಾರ್ಗವೂ ಇದೆ. ಸಾವಿರಾರು ವ್ಯಾಜ್ಯಗಳನ್ನು ಬಗೆಹರಿಸಬೇಕಾದ ಮಂಡಳಿಗೆ ಇದು ಅನಿವಾರ್ಯವಿರಬಹುದು. ಆದರೆ ಪ್ರಾಯಶ್ಚಿತ್ತದಲ್ಲಿ ಮೊದಲ ಮೆಟ್ಟಿಲೇ ಆಲೋಚನೆ, ಎಂದರೆ ಗುರುವಿನ ಮುಂದೆ ದೋಷವನ್ನು ಮುಚ್ಚದೆ ನಿವೇದಿಸುವುದು. ಶಾಸನವು ಹಣವನ್ನು ಪಡೆದು ಒಪ್ಪಿಗೆಯನ್ನು ಬಿಟ್ಟುಕೊಡಬಲ್ಲದು. ಧರ್ಮವು ಒಪ್ಪಿಗೆಯನ್ನು ಬಿಟ್ಟು ಏನನ್ನೂ ಸ್ವೀಕರಿಸಲಾರದು.

ಮಿತಿಯೆಂಬ ಮಾತು

ಶಾಸನವು ಹೇಳಲಾರದ ಮತ್ತೊಂದು ಮಾತಿದೆ. ಅದು ‘ಸಾಕು’ ಎಂಬ ಮಾತು. ನಿಜ ಹೇಳಿ, ನಿಯಮಿಸಿದ ರೀತಿಯಲ್ಲಿ, ಎಷ್ಟು ಬೇಕಾದರೂ ಗಳಿಸು ಎಂಬುದು ಪೇಟೆಯ ಕಾಯಿದೆ. ಇಷ್ಟಕ್ಕೆ ನಿಲ್ಲು ಎಂಬುದು ಪರಿಗ್ರಹಪರಿಮಾಣ.

ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆಯ ವಹಿವಾಟನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಬೆಲೆಯ ಏರಿಳಿತದಿಂದ ತನ್ನ ಸರಕನ್ನು ಕಾಪಾಡಿಕೊಳ್ಳಲು ವ್ಯಾಪಾರಿಯು ಇದನ್ನು ಬಳಸಿದರೆ ಅದು ಎಚ್ಚರಿಕೆಯ ಕ್ರಮ. ಕಾಪಾಡಲು ಯಾವ ಸರಕೂ ಇಲ್ಲದೆ, ಇಂದಿನ ಮಧ್ಯಾಹ್ನ ಬೆಲೆ ಏರೀತೋ ಇಳಿದೀತೋ ಎಂದು ಪಣವೊಡ್ಡುವುದು ಬೇರೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಹಿವಾಟಿಗಿಳಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟ ಹೊಂದಿದರು. ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಖರ್ಚು ಕಳೆದು ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಲಾಭ ಕಂಡವರು ಶೇಕಡ ಒಂದು ಮಾತ್ರ. 2023-24ರಲ್ಲಿ ಇದರಲ್ಲಿ ತೊಡಗಿದವರಲ್ಲಿ ಶೇಕಡ 43 ಮಂದಿ ಮೂವತ್ತು ವರ್ಷದೊಳಗಿನವರು. ಮುಕ್ಕಾಲು ಪಾಲಿಗೂ ಹೆಚ್ಚು ಜನರ ವಾರ್ಷಿಕ ವರಮಾನ ಐದು ಲಕ್ಷಕ್ಕಿಂತ ಕಡಿಮೆ.

ಸೆಬಿಯು ಸುಮ್ಮನಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಆಜ್ಞೆ ಹೊರಡಿಸಿ ಕರಾರಿನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗಳಿಗೆ ಏರಿಸಿತು. ವಾರಕ್ಕೊಮ್ಮೆ ಮುಗಿಯುವ ಸೂಚ್ಯಂಕದ ಕರಾರುಗಳನ್ನು ಪ್ರತಿ ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕಕ್ಕೆ ಮಿತಿಗೊಳಿಸಿತು. ಆದರೆ ನಿಷೇಧಿಸಲಿಲ್ಲ; ಪ್ರಾಪ್ತವಯಸ್ಕನು ತನ್ನ ಹಣವನ್ನು ತಾನು ಕಳೆದುಕೊಳ್ಳುವುದನ್ನು ರಾಜ್ಯವು ಎಷ್ಟರಮಟ್ಟಿಗೆ ತಡೆದೀತು? ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗಿಟ್ಟ ಪರಂಪರೆಯವರಿಗೆ ಇದಕ್ಕೆ ರಾಜ್ಯದ ಆಜ್ಞೆ ಬೇಕಾಗಿಲ್ಲ. ಕವಡೆಯೋ ಕರಾರೋ ಎಂಬುದು ಮುಖ್ಯವಲ್ಲ. ದುಡಿಮೆಯಿಲ್ಲದೆ, ಎದುರಿಗಿರುವವನ ಸೋಲಿನಿಂದಲೇ ತನ್ನ ಗೆಲುವನ್ನು ಹಾರೈಸುವ ಭಾವ ಮುಖ್ಯ.

ಹಾಗಾದರೆ ಷೇರನ್ನೇ ಕೊಳ್ಳಬಾರದೇ? ಹಾಗಲ್ಲ. ಷೇರೆಂದರೆ ಪಾಲು, ಒಂದು ಉದ್ಯಮದಲ್ಲಿ ಪಾಲುದಾರನಾಗಿ ಅದರ ಲಾಭನಷ್ಟಗಳನ್ನು ಹಂಚಿಕೊಳ್ಳುವುದು ಧರ್ಮಕ್ಕೆ ವಿರೋಧವಲ್ಲ. ಆದರೆ ಪಾಲುದಾರನಿಗೆ ಪಾಲಿನ ಹೊಣೆಯೂ ಉಂಟು. ಕಸಾಯಿಖಾನೆಯ ಕಂಪನಿಯೋ ಮದ್ಯದ ಕಂಪನಿಯೋ ತನ್ನ ಲೆಕ್ಕವನ್ನು ನಿಯಮದಂತೆ ಪ್ರಕಟಿಸಿದರೆ ಶಾಸನಕ್ಕೆ ತೃಪ್ತಿ. ಅದರ ಲಾಭಾಂಶವನ್ನು ಕೈಗೊಂಡ ಶ್ರಾವಕನು ಕಾರಿತದ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕು.

ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಸಮಂತಭದ್ರಾಚಾರ್ಯರು ‘ವಿಸ್ಮಯ’ವೆಂಬುದೊಂದನ್ನು ಎಣಿಸಿದ್ದಾರೆ. ತೃಪ್ತಿಯಾಗುವ ಲಾಭಕ್ಕೆ ಮಾರಿದ ಮೇಲೆ, ಅದೇ ಸರಕಿಗೆ ಹೆಚ್ಚು ಬೆಲೆ ಬಂದುದನ್ನು ಕಂಡು ಲೋಭದಿಂದ ಕೊರಗುವುದೆಂದು ಟೀಕಾಕಾರರು ಅದನ್ನು ವಿವರಿಸುತ್ತಾರೆ. ದಿನಕ್ಕೆ ಹತ್ತು ಸಲ ಫೋನನ್ನು ತೆರೆದು, ಮಾರಿದ ಷೇರಿನ ಇಂದಿನ ಬೆಲೆಯನ್ನು ನೋಡಿ ನಿಟ್ಟುಸಿರಿಡುವ ಗೃಹಸ್ಥನನ್ನು ಆಚಾರ್ಯರು ಅಂದೇ ಕಂಡಿದ್ದರೆನ್ನಬೇಕು. ಈ ಕೊರಗು ಯಾವ ದೇಶದ ಯಾವ ಕಾಯಿದೆಯಲ್ಲಿಯೂ ಅಪರಾಧವಲ್ಲ. ಆದರೆ ಮುಂದಿನ ಸಲ ಮಗನ ತಗ್ಗಿದ ದನಿಗೆ ಕಿವಿಗೊಡುವಂತೆ ಮಾಡುವುದು ಈ ಕೊರಗೇ.

ಉಪಸಂಹಾರ

ಇಷ್ಟು ವಿಚಾರಿಸಿದ ಮೇಲೆ ನಿಷ್ಪನ್ನವಾಗುವುದಿಷ್ಟು. ಶಾಸನವಿಲ್ಲದೆ ಪೇಟೆ ನಡೆಯದು. 1865 ಅದಕ್ಕೆ ಸಾಕ್ಷಿ. ಶಾಸನವೊಂದೇ ಸಾಲದು, 1992, 2001, 2009 ಅದಕ್ಕೆ ಸಾಕ್ಷಿ. ಅನೇಕ ಸಲ ಶಾಸನವು ತಪ್ಪಿನ ಹಿಂದಿನಿಂದ ಬಂದು, ನಡೆದುಹೋದುದನ್ನು ಮುಂದೆ ನಡೆಯದಂತೆ ಮಾಡುತ್ತದೆ. ವ್ರತವು ತಪ್ಪಿಗಿಂತ ಮುಂಚೆಯೇ ಬಂದು ನಿಂತಿರುತ್ತದೆ. ಶಾಸನವು ಎಲ್ಲರಿಗೂ ಒಂದೇ, ಕಡಿಮೆ ಎಂದರೆ ಇಷ್ಟು ಎಂಬ ಗೆರೆ. ವ್ರತವು ಒಬ್ಬನು ತನಗಾಗಿ ಆ ಗೆರೆಯ ಒಳಗೆ ಎಳೆದುಕೊಂಡ ಇನ್ನೊಂದು ಗೆರೆ. ಒಳಗಿನದನ್ನು ಮೀರದವನು ಹೊರಗಿನದನ್ನು ಮೀರುವ ಪ್ರಶ್ನೆಯೇ ಬರದು.

ಮೇಲೆ ಊಹಿಸಿದ ಆ ಮನೆಗೆ ಹಿಂದಿರುಗಿದರೆ, ಅಲ್ಲಿ ಮಾಡಬೇಕಾದ ಕಾರ್ಯ ಇನ್ನೂ ಉಳಿದಿದೆ. ಷೇರು ಕೊಂಡವನು ಯಾರೆಂದು ಆ ಮನೆಯವರು ಹುಡುಕಲಾರರು. ಅವನಿಗೆ ನೇರವಾಗಿ ಹಿಂದಿರುಗಿಸಲೂ ಆಗದು. ಆದರೆ ತಪ್ಪಿಸಿಕೊಂಡ ನಷ್ಟದಷ್ಟು ಹಣವನ್ನು ತಮ್ಮದೆಂದು ಇಟ್ಟುಕೊಳ್ಳದಿರುವುದು ಸಾಧ್ಯ. ಅದನ್ನು ದಾನವೆಂದು ಕರೆದು ಪುಣ್ಯಕ್ಕೆ ಆಶಿಸದಿರುವುದೂ ಸಾಧ್ಯ. ಶಾಸನದ ಮುಂದೆ ನಿಜವನ್ನು ಹೇಳುವ ಧೈರ್ಯ ಬಂದರೆ ಅದು ಉತ್ತಮ ಆರ್ಜವ. ಉದ್ಯಾಪನೆಯನ್ನು, ನ್ಯಾಯವಾಗಿ ಉಳಿದ ಹಣದಲ್ಲಿ ಎಷ್ಟಾಗುವುದೋ ಅಷ್ಟರಲ್ಲಿ, ಕಲಶದ ಬದಲು ಚೆಂಬಿಟ್ಟಾದರೂ ನೆರವೇರಿಸಬಹುದು. ಹದಿನಾಲ್ಕು ವರ್ಷ ಹಸಿವನ್ನು ಗೆದ್ದ ತಾಯಿ ಆ ಊಟದ ಹೊತ್ತಿನಲ್ಲಿ, “ಬೇಡ ಮಗನೇ, ಆ ಮಾತು ಈ ಮನೆಯಲ್ಲಿ ಬೇಡ” ಎಂದಿದ್ದರೆ, ಆ ಒಂದು ಮಾತಿನಿಂದಲೇ ಅವಳ ನೋಂಪಿ ಅಂದೇ ಉದ್ಯಾಪನೆಯಾಗುತ್ತಿತ್ತು.

ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ ಲೋಭವನ್ನು ತೊಳೆಯುವ ಭಾವನೆಯನ್ನು ಮಾಡುವುದುಂಟು. ಆ ದಿನ ಏಕಾಶನವನ್ನೋ ಉಪವಾಸವನ್ನೋ ಹಿಡಿಯುವವರು, ಅದರೊಡನೆ ಕೆಲವು ನಿಯಮಗಳನ್ನೂ ಹಿಡಿಯಬಹುದು: ಕೊಡದ ಸಂಗತಿಯನ್ನು ಕೇಳುವುದಿಲ್ಲ, ಕೇಳಿದರೆ ಬಳಸುವುದಿಲ್ಲ, ಬಳಸಿದವರನ್ನು ಮೆಚ್ಚುವುದಿಲ್ಲ, ಪಣದ ವಹಿವಾಟಿಗೆ ಇಳಿಯುವುದಿಲ್ಲ, ಇಷ್ಟು ಆಸ್ತಿಯಾದ ಮೇಲೆ ಮುಂದಿನದು ತನ್ನದಲ್ಲ. ಇವುಗಳಲ್ಲಿ ಕೆಲವನ್ನು ರಾಜ್ಯವೂ ಹೇಳುತ್ತದೆ; ಅದು ಗಂಟೆ. ಉಳಿದುದನ್ನು ಹೇಳಲು ಯಾವ ರಾಜ್ಯಕ್ಕೂ ಅಧಿಕಾರವಿಲ್ಲ. ಅದು ತಾನೇ ಸರಿಸಬೇಕಾದ ತಟ್ಟೆ.